ಓಟದ ಮೆಟ್ಟೂ ಮನೆಯ ಲೆಕ್ಕವೂ

ಬೈಂದೂರಿನ ಕಡೆಯ ವಾಚಕ ಮಹನೀಯರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಪತ್ರವು ಮೂರು ಪುಟಗಳಷ್ಟು ದೀರ್ಘವಾದುದು. ಅದರಲ್ಲಿ ಎರಡು ಪುಟಗಳು ಅಡಕೆಯ ಕೊಳೆರೋಗಕ್ಕೆ ಸಂಬಂಧಿಸಿದವಾದುದರಿಂದ ಅವನ್ನು ಸದ್ಯಕ್ಕೆ ಬದಿಗಿರಿಸಿದ್ದೇವೆ. ಮೂರನೆಯ ಪುಟದ ಸಾರಾಂಶವಿಷ್ಟು. ಅವರ ಮಗಳು ಪದವಿ ತರಗತಿಯಲ್ಲಿ ಓದುತ್ತಿರುವಳು, ದೂರದ ಓಟದಲ್ಲಿ ಬಹಳ ಆಸಕ್ತಿಯುಳ್ಳವಳು. ಮಳೆಗಾಲ ಕಳೆದ ಮೇಲೆ ಮಣಿಪಾಲದ ಮ್ಯಾರಥಾನಿನಲ್ಲಿ ೧೦ ಕಿಲೋಮೀಟರಿನ ಓಟಕ್ಕೆ ನಿಲ್ಲಬೇಕೆಂದು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದಾಳೆ. ಆ ದೂರವನ್ನು ೪೬ ನಿಮಿಷಗಳಲ್ಲಿ ಮುಗಿಸುತ್ತಾಳೆ. ಅಟ್ಟೆಯೊಳಗೆ ಕಾರ್ಬನ್ ಪ್ಲೇಟನ್ನು ಹುದುಗಿಸಿದ ಬೂಟು ತನಗೆ ಬೇಕೆಂದು ತಂದೆಯನ್ನು ಕೇಳಿರುವಳು. ಬೆಲೆ ೨೨ ಸಾವಿರ ರೂಪಾಯಿ. “ಇಷ್ಟು ಹಣವನ್ನು ಕಾಲಿಗೆ ಸುರಿಯುವುದು ಯುಕ್ತವೇ? ಅದೂ ಹೆಣ್ಣುಮಗಳು, ನಾಳೆ ಇನ್ನೊಂದು ಮನೆಗೆ ಹೋಗುವವಳು. ತಮ್ಮ ಅಭಿಪ್ರಾಯವೇನು?” ಎಂದು ತಂದೆಯವರ ಪ್ರಶ್ನೆ.

ಪ್ರಶ್ನೆಯ ಕಡೆಯ ಭಾಗಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ. ಕೊಳೆರೋಗದ ಎರಡು ಪುಟಗಳ ನಡುವೆ, ಕಳೆದ ವರ್ಷ ಫಸಲು ಚೆನ್ನಾಗಿದ್ದುದರಿಂದ ಮಗನಿಗೆ ಲಕ್ಷ ರೂಪಾಯಿಗೆ ಮೀರಿದ ಬೈಕನ್ನು ಕೊಡಿಸಿದೆನೆಂದು ಈ ಮಹನೀಯರು ಪ್ರಸಂಗವಶಾತ್ ಬರೆದಿರುವರು. ಆ ಬೈಕಿನ ವಿಷಯದಲ್ಲಿ ಅವರು ನಮ್ಮ ಅಭಿಪ್ರಾಯವನ್ನು ಕೇಳಿದ್ದಿಲ್ಲ. ಹೆಣ್ಣುಮಗಳ ಓಟದಿಂದ ಏನು ಬಂತೆಂಬವರಿಗೆ ಹೇಳಬೇಕಾದುದೂ ಒಂದಿದೆ: ನಮ್ಮ ಕುಂದಾಪುರ ಸೀಮೆಯ ಸಿದ್ದಾಪುರದವರಾದ ಅಶ್ವಿನಿ ಅಕ್ಕುಂಜಿಯವರು ೨೦೧೦ನೆಯ ಇಸವಿಯಲ್ಲಿ ಚೀನಾದ ಗುವಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ೪೦೦ ಮೀಟರ್ ಹರ್ಡಲ್ಸ್ ಓಟದ ಚಿನ್ನದ ಪದಕವನ್ನು ಪಡೆದರು. ಪತ್ರ ಬರೆದವರ ಮಗಳು ಅಷ್ಟು ಎತ್ತರಕ್ಕೆ ಏರಬೇಕೆಂದು ನಾವು ಹೇಳುತ್ತಿಲ್ಲ. ಬೂಟನ್ನು ತೂಗುವ ತಕ್ಕಡಿಯಲ್ಲಿ ಮದುವೆಯನ್ನು ಇಡಬಾರದೆಂದಷ್ಟೇ ನಮ್ಮ ಮಾತು. ತಕ್ಕಡಿಯಲ್ಲಿ ಇಡಬೇಕಾದ ವಸ್ತುಗಳು ಬೇರೆಯೇ ಇವೆ.

ಈ ಬೂಟೆಂದರೆ ಏನು? ಸಾಮಾನ್ಯವಾದ ಓಟದ ಬೂಟಿನ ತಳದಲ್ಲಿ ರಬ್ಬರು, ಅದರ ಮೇಲೆ ಫೋಮಿನ ಒಂದು ಮೆತ್ತೆ. ಕಾರ್ಬನ್ ಬೂಟಿನಲ್ಲಿ ಈ ಮೆತ್ತೆಯು ಬಹು ದಪ್ಪವಾಗಿಯೂ ಬಹು ಹಗುರವಾಗಿಯೂ ಇರುವುದಲ್ಲದೆ, ಅದರ ನಡುವೆ ಹಿಮ್ಮಡಿಯಿಂದ ಬೆರಳುಗಳವರೆಗೆ, ಅಡಿಗೆಮನೆಯ ಸೌಟಿನ ಹಾಗೆ ಬಾಗಿದ, ತೆಳುವಾದ ಆದರೆ ಬಗ್ಗದ ಕಾರ್ಬನ್ ನಾರಿನ ಹಲಗೆಯೊಂದಿರುತ್ತದೆ. ಕಾಲು ನೆಲಕ್ಕೆ ಬಿದ್ದಾಗ ಮೆತ್ತೆಯು ಕುಗ್ಗಿ, ಕಾಲು ಏಳುವಾಗ ಹಿಗ್ಗಿ, ತಾನು ನುಂಗಿದ ಶಕ್ತಿಯ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ಹಲಗೆಯು ಬೆರಳಿನ ಬುಡದ ಕೀಲು ಹೆಚ್ಚು ಬಾಗದಂತೆ ತಡೆದು ಅಲ್ಲಿ ವ್ಯರ್ಥವಾಗುವ ಶ್ರಮವನ್ನು ತಗ್ಗಿಸುತ್ತದೆ. ನೈಕಿ ಎಂಬ ಅಮೆರಿಕದ ಕಂಪೆನಿಯು ೨೦೧೭ರಲ್ಲಿ ಇಂತಹ ಬೂಟನ್ನು ಪೇಟೆಗೆ ತಂದಿತು. ಕೊಲೊರಾಡೊ ವಿಶ್ವವಿದ್ಯಾನಿಲಯದ ಶಾಸ್ತ್ರಜ್ಞರು ೧೮ ಮಂದಿ ನುರಿತ ಓಟಗಾರರನ್ನು ಇದರಲ್ಲಿ ಓಡಿಸಿ ನೋಡಲಾಗಿ, ಆ ಕಾಲದ ಇತರ ಪಂದ್ಯದ ಬೂಟುಗಳಿಗಿಂತ ಸರಾಸರಿ ಶೇಕಡಾ ೪ರಷ್ಟು ಕಡಿಮೆ ಶಕ್ತಿ ಸಾಕಾಯಿತು. ಮೆತ್ತೆಯು ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ಶೇಕಡಾ ೮೭ನ್ನು ಮರಳಿಸುವುದೆಂದೂ ಅವರು ಅಳೆದರು.

ಇಲ್ಲೊಂದು ವಿನೋದದ ಸಂಗತಿಯುಂಟು. ಅಂಗಡಿಯವರು “ಪ್ಲೇಟು, ಪ್ಲೇಟು” ಎಂದು ಎಷ್ಟೇ ಹೇಳಲಿ, ಕೆಲವು ವರ್ಷಗಳ ಬಳಿಕ ಸಂಶೋಧಕರು ಅದೇ ಬೂಟಿನ ಹಲಗೆಯನ್ನು ಅಡ್ಡವಾಗಿ ಹಲವೆಡೆ ಕತ್ತರಿಸಿ, ಅದರ ಬಿಗುವನ್ನು ಕಳೆದು, ಮತ್ತೆ ಓಟಗಾರರಿಗೆ ತೊಡಿಸಿದರು. ವ್ಯತ್ಯಾಸವು ಶೇಕಡಾ ಒಂದರಷ್ಟೂ ಕಾಣಲಿಲ್ಲ! ಎಂದರೆ ಲಾಭದ ಹೆಚ್ಚಿನ ಭಾಗವು ಮೆತ್ತೆಯ ಗುಣ. ಹಲಗೆಯು ಅದಕ್ಕೆ ಆಸರೆ ಮಾತ್ರ. ಆದಕಾರಣ ಗಟ್ಟಿ ಮೆತ್ತೆಯೊಳಗೆ ಹಲಗೆಯೊಂದನ್ನು ತುರುಕಿ “ಇದೂ ಕಾರ್ಬನ್” ಎಂದು ಅಗ್ಗದಲ್ಲಿ ಮಾರುವ ಬೂಟುಗಳಿಗೆ ಯಾರೂ ಮರುಳಾಗಬಾರದು.

ಹಿರಿಯರು ಇದನ್ನೋದಿ ನಗಬಹುದು. “ನಮ್ಮ ಕಂಬಳದ ಹುಡುಗರು ಯಾವ ಬೂಟು ಹಾಕುತ್ತಾರೆ?” ಎಂದು ವಂಡಾರಿನ ಕಂಬಳವನ್ನು ಕಂಡವರು ಕೇಳದೆ ಇರಲಾರರು. ನ್ಯಾಯವಾದ ಪ್ರಶ್ನೆಯೇ. ೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದುದು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದುದನ್ನು ಎಲ್ಲರೂ ಬಲ್ಲರು. ಅವರ ಕಾಲಲ್ಲಿ ಏನೂ ಇರಲಿಲ್ಲ. ಆದರೆ ಅದು ಕೆಸರಿನ ಕರೆ, ಮುಂದೆ ಎಳೆಯುವ ಕೋಣಗಳು, ಒಟ್ಟು ಹದಿನಾಲ್ಕು ಸೆಕೆಂಡಿನ ಮಾತು. ಡಾಮರಿನ ಮೇಲೆ ಮುಕ್ಕಾಲು ಗಂಟೆ ಪಾದ ಬಡಿಯುವುದು ಬೇರೆ ವಿದ್ಯೆ. ಅದರಲ್ಲಿಯೂ ಬರಿಗಾಲು ಗೆದ್ದುದುಂಟು: ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲೇ ಮ್ಯಾರಥಾನನ್ನು ೨ ಗಂಟೆ ೧೫ ನಿಮಿಷ ೧೬ ಸೆಕೆಂಡುಗಳಲ್ಲಿ ಓಡಿ ಚಿನ್ನ ಪಡೆದನು, ದೊರೆತ ಬೂಟು ಕಾಲಿಗೆ ಹೊಂದಲಿಲ್ಲವೆಂದು ಅದನ್ನು ಬಿಟ್ಟಿದ್ದನು. ನಾಲ್ಕು ವರ್ಷಗಳ ತರುವಾಯ ಟೋಕಿಯೋದಲ್ಲಿ ಬೂಟು ತೊಟ್ಟು ೨ ಗಂಟೆ ೧೨ ನಿಮಿಷ ೧೧ ಸೆಕೆಂಡುಗಳಲ್ಲಿ ಪುನಃ ಗೆದ್ದನು. ಬಿಕಿಲನನ್ನು ಬರಿಗಾಲಿನ ಪಕ್ಷದವರು ಮಾತ್ರ ತಮ್ಮವನೆನ್ನುವಂತಿಲ್ಲ.

ಕಾರ್ಬನ್ ಬೂಟಿನ ಕೀರ್ತಿ ಏರಿದುದು ಕೆನ್ಯಾದ ಎಲಿಯುಡ್ ಕಿಪ್ಚೋಗೆಯಿಂದ. ೨೦೧೯ರ ಅಕ್ಟೋಬರ್ ೧೨ರಂದು ವಿಯೆನ್ನಾ ನಗರದಲ್ಲಿ ಅವನು ಮ್ಯಾರಥಾನಿನ ದೂರವನ್ನು ೧ ಗಂಟೆ ೫೯ ನಿಮಿಷ ೪೦ ಸೆಕೆಂಡುಗಳಲ್ಲಿ ಮುಗಿಸಿದನು. ಸಹಾಯಕ ಓಟಗಾರರು ಸರದಿಯಲ್ಲಿ ಬಂದು ಗಾಳಿಯನ್ನು ತಡೆದ ವಿಶೇಷ ಏರ್ಪಾಡಾದುದರಿಂದ ಅದು ದಾಖಲೆಯೆಂದು ಗಣಿಸಲ್ಪಡಲಿಲ್ಲ. ಇದಾಗಿ ನಾಲ್ಕು ತಿಂಗಳೊಳಗೆ, ೨೦೨೦ರ ಜನವರಿ ಅಂತ್ಯದಲ್ಲಿ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ರಸ್ತೆಯ ಓಟದ ಬೂಟಿನ ಅಟ್ಟೆ ೪೦ ಮಿಲಿಮೀಟರಿಗೆ ಮೀರಬಾರದು, ಒಂದೇ ಹಲಗೆಯಿರಬೇಕು ಎಂದು ನಿಯಮ ಮಾಡಿತು. ಕ್ರೀಡಾಂಗಣದ ಟ್ರ್ಯಾಕಿನ ಓಟಗಳಿಗೆ ೨೦೨೪ರ ನವೆಂಬರಿನಿಂದ ಮಿತಿಯು ೨೦ ಮಿಲಿಮೀಟರು. ಇದನ್ನು ಏಕೆ ಹೇಳುತ್ತೇವೆಂದರೆ, ನಮ್ಮ ವಾಚಕರ ಮಗಳು ರಸ್ತೆಗೆಂದು ಕೊಂಡ ದಪ್ಪ ಅಟ್ಟೆಯ ಬೂಟನ್ನೇ ತೊಟ್ಟು ಉಡುಪಿಯ ಅಜ್ಜರಕಾಡಿನಲ್ಲಿ ಐದು ಸಾವಿರ ಮೀಟರಿಗೆ ನಿಂತರೆ, ನಿಯಮವನ್ನು ಬಲ್ಲ ತೀರ್ಪುಗಾರರು ಆಕೆಯನ್ನು ಬದಿಗೆ ಕರೆಯಬಹುದು. ೨೨ ಸಾವಿರವು ರಸ್ತೆಗೆ ಮಾತ್ರ ಸಲ್ಲುವ ಹಣ.

ಈಗ ವೇಗದ ಮಾತು. ಮೇಲೆ ಹೇಳಿದ ಶೇಕಡಾ ೪ರ ಲಾಭವು ಗಂಟೆಗೆ ೧೪ರಿಂದ ೧೮ ಕಿಲೋಮೀಟರ್ ವೇಗದಲ್ಲಿ ಓಡುವವರಿಂದ ಅಳೆದುದು. ೨೦೨೩ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಗಂಟೆಗೆ ೧೨ ಕಿಲೋಮೀಟರ್ ವೇಗಕ್ಕೆ ಲಾಭವು ಶೇಕಡಾ ೧.೪ಕ್ಕೂ, ೧೦ ಕಿಲೋಮೀಟರ್ ವೇಗಕ್ಕೆ ಶೇಕಡಾ ೦.೯ಕ್ಕೂ ಇಳಿಯಿತು. ಬೆಳಗಿನ ಗಾಳಿಗೆಂದು ಗಂಟೆಗೆ ಎಂಟು ಒಂಬತ್ತು ಕಿಲೋಮೀಟರ್ ಓಡುವ ನಮ್ಮಂತಹ ಗೃಹಸ್ಥರಿಗೆ ಇದರಿಂದ ಆಗುವ ಉಪಕಾರವು ನೆರೆಮನೆಯವರ ಕಣ್ಣಿಗೆ ಬೀಳುವುದಷ್ಟೇ. ಅದೇ ವರ್ಷ ಕೆನ್ಯಾದ ಏಳು ಮಂದಿ ಶ್ರೇಷ್ಠ ಓಟಗಾರರನ್ನು ಪರೀಕ್ಷಿಸಿದಾಗ, ಬೂಟಿಗೂ ಕಾಲಿಗೂ ಹೊಂದಿಕೆಯಾದ ಕಡೆ ಶೇಕಡಾ ೧೧ರಷ್ಟು ಲಾಭವೂ, ಆಗದ ಕಡೆ ಹೆಚ್ಚುಕಡಿಮೆ ಅಷ್ಟೇ ನಷ್ಟವೂ ಕಂಡುಬಂದುವು. ಒಬ್ಬನ ಕಾಲಿಗೆ ಅಮೃತವಾದುದು ಇನ್ನೊಬ್ಬನಿಗೆ ಭಾರವಾಗಬಹುದು. ನಮ್ಮ ಪತ್ರದ ಹುಡುಗಿಯ ವೇಗವು ಗಂಟೆಗೆ ೧೩ ಕಿಲೋಮೀಟರಿನಷ್ಟು. ಬೂಟು ಹೊಂದಿದರೆ ಅವಳಿಗೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಸಿಕ್ಕೀತು. ಪಂದ್ಯದಲ್ಲಿ ಅದು ಸಣ್ಣದಲ್ಲ. ಮೂರನೆಯವಳಿಗೂ ಆರನೆಯವಳಿಗೂ ನಡುವಣ ಅಂತರವು ಅನೇಕ ಸಲ ಅಷ್ಟೂ ಇರುವುದಿಲ್ಲ. ಆದುದರಿಂದ ಹುಡುಗಿಯ ಬೇಡಿಕೆಯನ್ನು ಬರಿಯ ಶೋಕಿಯೆಂದು ತಳ್ಳಿಹಾಕಲಾಗದು.

ತಳ್ಳಿಹಾಕಬೇಕಾದುದು ಬೇರೊಂದು: ದಿನನಿತ್ಯದ ಅಭ್ಯಾಸವನ್ನೂ ಈ ಬೂಟಿನಲ್ಲೇ ಮಾಡುವ ಆಲೋಚನೆ. ಇದನ್ನು ನಾವು ನಮ್ಮ ಮನೆಯಲ್ಲೇ ಕಲಿತೆವು.

ನಮ್ಮ ಅಕ್ಕನ ಮಗನು ಬ್ರಹ್ಮಾವರದ ಹತ್ತಿರದವನು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವನು. ಅಲ್ಲಿ ೨೦೦೮ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರಿನ ದೊಡ್ಡ ಓಟಕ್ಕೆ ಸೇರಬೇಕೆಂಬ ಹುಮ್ಮಸ್ಸಿನಲ್ಲಿ ಕಾರ್ಬನ್ ಬೂಟನ್ನು ಕೊಂಡನು. ಇದ್ದ ಹಳೆಯ ಬೂಟನ್ನು ಯಾರಿಗೋ ಕೊಟ್ಟುಬಿಟ್ಟನು. ಬೆಳಗಿನ ಓಟಕ್ಕೂ ಅದೇ, ಸಂಜೆಯ ನಡಿಗೆಗೂ ಅದೇ, ಹಾಲು ತರಲಿಕ್ಕೂ ಅದೇ. ದೀಪಾವಳಿಗೆ ಊರಿಗೆ ಬಂದಾಗ ಅವನ ಅಜ್ಜಿ, ಎಂದರೆ ನಮ್ಮ ತಾಯಿಯವರು, ಜಗಲಿಯಲ್ಲಿದ್ದ ಆ ಕಿತ್ತಳೆ ಬಣ್ಣದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಬೆಲೆಯನ್ನು ಕೇಳಿ, “ಓಡುದ್ ನೀನೋ, ಮೆಟ್ಟೋ?” ಎಂದರು. “ಎರಡೂ ಅಜ್ಜಿ” ಎಂದು ಅವನು ನಕ್ಕನು. ಮಾರನೆಯ ಬೆಳಿಗ್ಗೆ ಕೋಡಿಯ ಕಡಲತೀರದ ಕಡೆಗೆ ಓಡಲು ಹೋದವನು ರಿಕ್ಷಾದಲ್ಲಿ ಹಿಂದಿರುಗಿದನು. ಪಾದದ ಮೇಲ್ಭಾಗದಲ್ಲಿ, ಕಣಕಾಲಿನ ಮುಂದೆ, ಬೆರಳಿಟ್ಟರೆ ಸಾಕು ಕಣ್ಣಲ್ಲಿ ನೀರು. ಎರಡು ವಾರದಿಂದ ಸಣ್ಣಗೆ ನೋಯುತ್ತಿದ್ದಿತಂತೆ, ಯಾರಿಗೂ ಹೇಳಿರಲಿಲ್ಲ. ಎಂ.ಆರ್.ಐ. ತೆಗೆಸಲಾಗಿ ಎಲುಬಿನಲ್ಲಿ ಒತ್ತಡದ ಬಿರುಕು ಕಾಣಿಸಿಕೊಂಡಿದೆಯೆಂದು ವೈದ್ಯರು ಹೇಳಿದರು. ನಾಲ್ಕು ತಿಂಗಳು ಓಟವಿಲ್ಲ. ಮೊದಲ ಕೆಲವು ವಾರ ಊರುಗೋಲು. ಆ ವರ್ಷದ ಓಟವನ್ನು ಅವನು ಟೆಲಿವಿಷನ್ನಿನಲ್ಲಿ ನೋಡಿದನು.

ಎಲ್ಲ ತಪ್ಪೂ ಬೂಟಿನದೆಂದು ಹೇಳಿದರೆ ಅನ್ಯಾಯವಾದೀತು. ಒಂದೂವರೆ ತಿಂಗಳಲ್ಲಿ ಓಟದ ದೂರವನ್ನು ಇಮ್ಮಡಿ ಮಾಡಿಕೊಂಡಿದ್ದನು. ವೈದ್ಯರು ಮೊದಲು ಅದಕ್ಕೇ ಗದರಿದರು. ಆದರೆ ಆ ಎಲುಬಿನ ಹೆಸರನ್ನು ಕೇಳಿದ ಮೇಲೆ ನಾವು ಸ್ವಲ್ಪ ಓದಿದೆವು. ಪಾದದ ಕಮಾನಿನ ನೆತ್ತಿಯಲ್ಲಿರುವ ಈ ಎಲುಬು ದೋಣಿಯ ಆಕಾರದ್ದು; ಪಾಶ್ಚಾತ್ಯ ವೈದ್ಯರು ಇದನ್ನು ನ್ಯಾವಿಕ್ಯುಲರ್ ಎನ್ನುತ್ತಾರೆ, ಲ್ಯಾಟಿನಿನಲ್ಲಿ ಸಣ್ಣ ದೋಣಿಯೆಂದೇ ಅರ್ಥ. ಇದಕ್ಕೆ ರಕ್ತದ ಸರಬರಾಜು ಕಡಿಮೆಯಾದುದರಿಂದ ಒಮ್ಮೆ ಬಿರುಕು ಬಿಟ್ಟರೆ ಕೂಡಿಕೊಳ್ಳುವುದು ನಿಧಾನ. ಕಾರ್ಬನ್ ಬೂಟನ್ನು ಬಳಸುತ್ತಿದ್ದ ಐವರು ಓಟಗಾರರಲ್ಲಿ ಇದೇ ಎಲುಬಿಗೆ ಪೆಟ್ಟಾದುದನ್ನು ೨೦೨೩ರಲ್ಲಿ ಕೆಲವು ವೈದ್ಯರು ಕೂಡಿ ಪ್ರಕಟಿಸಿರುವರು. ಐದು ಎಂಬುದು ಸಣ್ಣ ಸಂಖ್ಯೆ. ಅದರಿಂದ ಬೂಟನ್ನು ಅಪರಾಧಿಯೆಂದು ಸ್ಥಾಪಿಸಲಾಗದು. ಈ ಬೂಟಿಗೆ ಕಾಲನ್ನು ಮೆಲ್ಲಮೆಲ್ಲನೆ ಒಗ್ಗಿಸಬೇಕೆಂಬುದು ಅವರ ಸಲಹೆ. ಕಾರಣವೂ ಸುಲಭವಾಗಿ ತಿಳಿಯುವಂಥದು. ಹಲಗೆಯು ಬೆರಳಿನ ಕೀಲನ್ನು ಬಾಗಗೊಡದಿದ್ದರೆ ಆ ಭಾರವು ಮಾಯವಾಗುವುದಿಲ್ಲ, ಪಾದದ ಬೇರೆ ಎಲುಬು ಸ್ನಾಯುಗಳಿಗೆ ವರ್ಗವಾಗುತ್ತದೆ. ಅವು ಆ ಕೆಲಸಕ್ಕೆ ಪಳಗಿರಬೇಕಷ್ಟೆ.

ಹಾಗಾದರೆ ದಿನದ ಅಭ್ಯಾಸ ಯಾವುದರಲ್ಲಿ? ಹಲಗೆಯಿಲ್ಲದ, ಅಗಲವಾದ ತಳದ, ಸಾಧಾರಣ ಮೆತ್ತೆಯ ಬೂಟಿನಲ್ಲಿ. ನಮ್ಮ ಸೀಮೆಯ ನೆಲವೂ ಅದನ್ನೇ ಕೇಳುತ್ತದೆ. ಕಾರ್ಬನ್ ಬೂಟಿನ ಎತ್ತರದ ಮೃದುವಾದ ತಳವು ನೇರ ನುಣುಪು ರಸ್ತೆಗೆಂದು ಹುಟ್ಟಿದುದು. ಮುರಕಲ್ಲಿನ ದಾರಿಯಲ್ಲಿ, ಶಾಲೆಯ ಮೈದಾನದ ಹೊಂಡಗಳಲ್ಲಿ, ತಿರುವಿನಲ್ಲಿ, ಅದು ಹೊರಳಿ ಕಣಕಾಲು ಉಳುಕುವುದು ಸುಲಭ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಸುರಿಯುವ ಮಳೆಯಲ್ಲಿ ಸಿಮೆಂಟಿನ ಅಂಚುಗಳೆಲ್ಲ ಪಾಚಿ. ತೂಕ ಇಳಿಸಲಿಕ್ಕೆಂದು ತಳದ ರಬ್ಬರನ್ನು ಅಲ್ಲಲ್ಲಿ ಮಾತ್ರ ಅಂಟಿಸಿದ ಪಂದ್ಯದ ಬೂಟು ಅಲ್ಲಿ ಎಷ್ಟು ಹಿಡಿದೀತು? ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಅಲ್ಲಿ ಓಡುವ ಆಸೆ ಯಾರಿಗಿಲ್ಲ? ಆದರೆ ಲಾರಿಗಳಿಗೆ ಹೆದರಿ ರಸ್ತೆಯ ಇಳಿಜಾರಿನ ಅಂಚಿನಲ್ಲೇ ನಿತ್ಯವೂ ಓಡುವವರ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ; ಹೋಗುವಾಗ ಬರುವಾಗ ಬದಿ ಬದಲಿಸುವುದು ಮೇಲು. ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಬರಿಗಾಲಲ್ಲಿ ಓಡಿದರೆ ಪಾದದ ಸಣ್ಣ ಸ್ನಾಯುಗಳಿಗೆ ಬಲ ಬರುವುದು. ಈ ಮಟ್ಟಿಗೆ ಕಂಬಳದ ಪಕ್ಷದವರು ಸರಿ.

ಇನ್ನು ದುಡ್ಡು. ಈ ವಿಶೇಷ ಮೆತ್ತೆಯ ಗುಣವು ಹೆಚ್ಚು ಕಾಲ ನಿಲ್ಲುವುದಿಲ್ಲ. ೪೫೦ ಕಿಲೋಮೀಟರ್ ಓಡಿಸಿದ ಜೊತೆಯನ್ನು ಪರೀಕ್ಷಿಸಿದವರು, ಸಾಧಾರಣ ಮೆತ್ತೆಯ ಮೇಲೆ ಅದಕ್ಕಿದ್ದ ಮೇಲ್ಮೆಯು ಅಷ್ಟರೊಳಗೆ ಹೋಗಿದ್ದುದನ್ನು ಕಂಡರು. ನಾವು ೪೦೦ ಎಂದೇ ಹಿಡಿಯೋಣ. ೨೨ ಸಾವಿರಕ್ಕೆ ೪೦೦ ಕಿಲೋಮೀಟರಾದರೆ ಕಿಲೋಮೀಟರಿಗೆ ೫೫ ರೂಪಾಯಿ ಬಿದ್ದಿತು. ಹುಡುಗಿಯು ವಾರಕ್ಕೆ ೪೦ ಕಿಲೋಮೀಟರ್ ಓಡುವಳೆಂದು ತಂದೆ ಬರೆದಿರುವರು; ನಿತ್ಯವೂ ಅದನ್ನೇ ತೊಟ್ಟರೆ ಹತ್ತೇ ವಾರಕ್ಕೆ ಮುಗಿಯಿತು, ಪಂದ್ಯದ ದಿನಕ್ಕೆ ಉಳಿಯುವುದು ಬಣ್ಣ ಮಾತ್ರ. ಆರೂವರೆ ಸಾವಿರದ ಸಾಧಾರಣ ಬೂಟು ೬೫೦ ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ೧೦ ರೂಪಾಯಿ. ಕಾರ್ಬನ್ ಜೊತೆಯನ್ನು ತಿಂಗಳಿಗೊಂದು ವೇಗದ ಅಭ್ಯಾಸಕ್ಕೂ ವರ್ಷದ ನಾಲ್ಕೈದು ಪಂದ್ಯಗಳಿಗೂ ಮೀಸಲಿಟ್ಟರೆ ವರ್ಷಕ್ಕೆ ೧೫೦ ಕಿಲೋಮೀಟರು. ಆಗ ಅದೇ ೨೨ ಸಾವಿರವು ಎರಡೂವರೆ ವರ್ಷ ಬರುತ್ತದೆ. ಪಟ್ಟೆಸೀರೆಯನ್ನು ಉಟ್ಟು ಯಾರೂ ಕೊಟ್ಟಿಗೆಗೆ ಹೋಗುವುದಿಲ್ಲವಷ್ಟೆ? ೨೦೨೩ರಲ್ಲಿ ಅಡಿಡಾಸ್ ಕಂಪೆನಿಯವರು ೧೩೮ ಗ್ರಾಂ ತೂಕದ ಒಂದು ಬೂಟನ್ನು ೫೦೦ ಡಾಲರಿಗೆ, ಎಂದರೆ ೪೦ ಸಾವಿರ ರೂಪಾಯಿಗೂ ಮೀರಿದ ಬೆಲೆಗೆ ಮಾರಿ, ಇದು ಒಂದು ಮ್ಯಾರಥಾನಿಗೆಂದು ಮಾಡಿದುದೆಂದು ತಾವೇ ಹೇಳಿದರು. ಅದನ್ನು ತೊಟ್ಟು ಇಥಿಯೋಪಿಯದ ಟಿಗಿಸ್ಟ್ ಅಸೆಫಾ ಆ ವರ್ಷ ಬರ್ಲಿನ್ನಿನಲ್ಲಿ ೨ ಗಂಟೆ ೧೧ ನಿಮಿಷ ೫೩ ಸೆಕೆಂಡುಗಳಲ್ಲಿ ಓಡಿ ಅಂದಿನ ಮಹಿಳಾ ದಾಖಲೆಯನ್ನು ಮುರಿದಳು. ಅದು ಕಂಪೆನಿಯವರೇ ಕಾಲು ತೊಳೆದು ಬೂಟು ತೊಡಿಸುವವರ ಲೋಕ, ನಮ್ಮದಲ್ಲ.

ಆದುದರಿಂದ ಬೈಂದೂರಿನ ಮಹನೀಯರಿಗೆ ನಮ್ಮ ಅಭಿಪ್ರಾಯ ಹೀಗಿದೆ. ಮಗಳ ಈಗಿನ ಬೂಟು ಎರಡು ವರ್ಷ ಹಳೆಯದು, ಹಿಮ್ಮಡಿಯ ಹೊರಬದಿ ಸವೆದಿದೆಯೆಂದು ತಾವೇ ಬರೆದಿರುವಿರಿ. ಮೊದಲು ಆಗಬೇಕಾದುದು ಕಾರ್ಬನ್ ಅಲ್ಲ, ನಿತ್ಯದ ಒಂದು ಒಳ್ಳೆಯ ಜೊತೆ. ಅದನ್ನು ಈ ವಾರವೇ ಕೊಡಿಸಿರಿ. ಮಳೆ ನಿಂತು ರಸ್ತೆ ಒಣಗಿದ ಮೇಲೆ, ಅವಳ ಅಭ್ಯಾಸವು ಈಗಿನಂತೆಯೇ ನಡೆದಿದ್ದರೆ, ಪಂದ್ಯಕ್ಕೆ ಎರಡು ತಿಂಗಳಿರುವಾಗ ಕಾರ್ಬನ್ ಜೊತೆಯನ್ನು ನಿಸ್ಸಂಕೋಚವಾಗಿ ಕೊಡಿಸಿರಿ. ಹೊಸ ಮಾದರಿ ಬಂದೊಡನೆ ಹಿಂದಿನ ವರ್ಷದ್ದರ ಬೆಲೆ ಇಳಿಯುವುದುಂಟು. ಕಾಲಿಗೆ ವರ್ಷ ತಿಳಿಯದು. ಕೈ ಬಿಗಿಯಾಗಿದ್ದರೆ, ಒಳ್ಳೆಯ ಮೆತ್ತೆಯಿದ್ದು ನೈಲಾನ್ ಹಲಗೆಯಿರುವ ಅಥವಾ ಹಲಗೆಯೇ ಇಲ್ಲದ ಹಗುರ ಬೂಟುಗಳು ಅರ್ಧ ಬೆಲೆಗೆ ದೊರೆಯುತ್ತವೆ. ಲಾಭದ ಬಹುಪಾಲು ಮೆತ್ತೆಯದೆಂಬುದನ್ನು ಮೇಲೆ ಹೇಳಿದ್ದೇವೆ.

ಕೊಳ್ಳುವಾಗ ಮಗಳನ್ನು ಬಿಟ್ಟು ತಾವೊಬ್ಬರೇ ಹೋಗಬೇಡಿರಿ. ಪಾದವು ಉಬ್ಬಿರುವ ಸಂಜೆಯ ಹೊತ್ತು, ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು, ಎರಡು ಕಾಲಿಗೂ ಹಾಕಿ ನೋಡಬೇಕು. ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಸ್ಥಳವಿರಲಿ. ಚಿಕ್ಕಂದಿನಿಂದ ಬರಿಗಾಲಲ್ಲೂ ಚಪ್ಪಲಿಯಲ್ಲೂ ತಿರುಗಿದ ನಮ್ಮ ಜನರ ಪಾದವು ಬೆರಳಿನ ಕಡೆ ಅಗಲ. ಪಂದ್ಯದ ಬೂಟುಗಳು ಅಲ್ಲಿಯೇ ಇಕ್ಕಟ್ಟು. ಇಕ್ಕಟ್ಟಾದರೆ ಎಷ್ಟು ಹೆಸರುವಾಸಿಯಾದುದಾದರೂ ಬಿಟ್ಟುಬರಬೇಕು. ಮೊದಲನೆಯ ವಾರ ಎರಡು ಕಿಲೋಮೀಟರು, ಮುಂದಿನ ವಾರ ನಾಲ್ಕು, ಪಂದ್ಯಕ್ಕೆ ಮುಂಚೆ ಒಂದೆರಡು ವೇಗದ ಓಟ, ಇಷ್ಟು ಸಾಕು. ಪಾದದ ಮೇಲ್ಭಾಗದಲ್ಲಿ ನೋವು ಕಾಣಿಸಿ ಮೂರು ದಿನದೊಳಗೆ ಹೋಗದಿದ್ದರೆ ಮುಚ್ಚಿಡದೆ ಹೇಳಬೇಕೆಂದು ಮಗಳಿಗೆ ತಾಕೀತು ಮಾಡಿರಿ. ಅವಳು ಹೇಳಿದರೆ ಬೈಯಬೇಡಿರಿ. ಒದ್ದೆಯಾದ ಬೂಟನ್ನು ಬಚ್ಚಲ ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ; ಒಳಗೆ ಹಳೆಯ ಪತ್ರಿಕೆಯನ್ನು ತುಂಬಿ ಗಾಳಿಗೆ ಇಡಬೇಕು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳೂ ಆಗಬಹುದು, ಈ ಪುಟವೊಂದನ್ನು ಬಿಟ್ಟು.

ಅಕ್ಕನ ಮಗನು ಈಗ ಮತ್ತೆ ಓಡುತ್ತಿರುವನು, ನಾಲ್ಕು ಸಾವಿರದ ಬೂದುಬಣ್ಣದ ಬೂಟಿನಲ್ಲಿ. ಕಿತ್ತಳೆ ಬಣ್ಣದ್ದು ಪೆಟ್ಟಿಗೆಯೊಳಗಿದೆ; ಮುಂದಿನ ಓಟದ ದಿನ ಹೊರಬರುವುದಂತೆ. ಕೊಳೆರೋಗದ ಎರಡು ಪುಟಗಳಿಗೆ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.